ದಾಕ್ಷಿಣ್ಯದ ಬಾಕ್ಸರ್

ನಮ್ಮ ಚಿಕ್ಕಪ್ಪ ಮುದ್ದೆಗೆ ಹೆದರುತ್ತಿದ್ದಷ್ಟು ಮುಷ್ಟಿಗೆ ಹೆದರಿದವರಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿ, ಹಗಲೆಲ್ಲ ಪವರ್‌ಲೂಮಿನಲ್ಲಿ ಸೀರೆ ನೇಯ್ದು, ಸಂಜೆ ಗ್ಲೌಸು ಹಾಕಿಕೊಳ್ಳುತ್ತಿದ್ದ ವೃತ್ತಿಪರ ಬಾಕ್ಸರ್ ಅವರು. ಅದರಲ್ಲೂ ಫೆದರ್‌ವೇಟ್. ಅಂದರೆ ಪಂದ್ಯಕ್ಕೆ ಮೊದಲು ತೂಕ ನೋಡುವಾಗ ಐವತ್ತೇಳು ಕೆಜಿ ದಾಟುವಂತಿಲ್ಲ.

"ಹಕ್ಕಿ ಗರಿಯಷ್ಟು ತೂಗ್ತೀನಿ ಅಂತ ಗಂಡಸಾದೋನು ಹೇಳ್ಕೊಂಡು ತಿರುಗ್ತಾನೇನ್ರೀ?" ಎಂದು ಚಿಕ್ಕಮ್ಮ ಕೇಳುತ್ತಿದ್ದರು.

"ಗರಿನೇ ಕಣೇ, ಆದ್ರೆ ಹದ್ದಿಂದು."

ಆ ಹದ್ದು ರಾತ್ರಿ ಅರ್ಧ ಮುದ್ದೆ ತಿಂದು ಕೈತೊಳೆಯುತ್ತಿತ್ತು!

ಬಾಕ್ಸರ್‌ಗೆ ಇರಬಾರದ ಒಂದು ಕಾಯಿಲೆ ಅವರಿಗಿತ್ತು. ದಾಕ್ಷಿಣ್ಯ. ಬೆವರಿಳಿಸಲೆಂದು ಬೇಸಿಗೆ ಬಿಸಿಲಿನಲ್ಲಿ ಸ್ವೆಟರ್, ಅದರ ಮೇಲೆ ರೇನ್‌ಕೋಟ್ ಹಾಕಿಕೊಂಡು ದೇವನಹಳ್ಳಿ ರಸ್ತೆಯಲ್ಲಿ ಓಡುತ್ತಿದ್ದರು. ಈ ವೇಷ ಕಂಡ ಸ್ಕೂಟರಿನವರು ಸುಮ್ಮನೆ ಹೋಗುತ್ತಾರೆಯೇ? "ಬಸ್ ತಪ್ಪೋಯ್ತಾ ಗುರು? ಹತ್ತು." ಪಾಪ, ಕರೆದವರ ಮನಸ್ಸು ನೋಯಿಸುವುದು ಹೇಗೆ? ಹತ್ತುತ್ತಿದ್ದರು. ಅವರ ಓಟದ ಅಭ್ಯಾಸ ಮುಕ್ಕಾಲು ಪಾಲು ಪೆಟ್ರೋಲಿನ ಮೇಲೇ ನಡೆಯಿತು.

ರಿಂಗಿನಲ್ಲೂ ಅದೇ ಕಥೆ. ಒಂದು ಗುದ್ದು ಕೊಟ್ಟರೆ ಒಂದು "ಸಾರಿ ಗುರು". ಬಾಯಲ್ಲಿ ಹಲ್ಲಿನ ಕವಚ ಕಚ್ಚಿಕೊಂಡು ಹೇಳಿದ ಸಾರಿ ಎದುರಾಳಿಗೆ ಬೈಗುಳದಂತೆ ಕೇಳಿಸಿ, ಅವನು ಇನ್ನೂ ಜೋರಾಗಿ ಹೊಡೆಯುತ್ತಿದ್ದ.

ಒಮ್ಮೆ ಹೊಸಕೋಟೆಯ ಪಂದ್ಯಕ್ಕೆ ತೂಕ ಒಂದಿಷ್ಟು ಹೆಚ್ಚಾಯಿತು. ಅವರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ ಉಸ್ತಾದರು, "ಮೀಸೆ ತೆಗಿ ಮಿಯಾ, ತಲೇನೂ ತೆಗಿ," ಎಂದರು. ತೆಗೆಸಿದರು. ತೂಕ ಹೇಗೋ ಪಾಸಾಯಿತು, ಪಂದ್ಯ ಸೋತರು. ಬೋಳುತಲೆ ಹೊತ್ತು ಬೀದಿಗೆ ಕಾಲಿಟ್ಟದ್ದೇ ತಡ, ನಮ್ಮ ಅಜ್ಜಿ ಹೋಗಿಬಿಟ್ಟರೆಂದು ಪಕ್ಕದ ಮನೆಯವರು ಹಾರ ಹಿಡಿದು ಬಂದರು. ಬಾಗಿಲು ತೆಗೆದದ್ದು ಅಜ್ಜಿಯೇ.

"ಯಾರಿಗಪ್ಪಾ ಹಾರ?"

ಪಕ್ಕದ ಮನೆಯವರು ಹಾರವನ್ನು ಚಿಕ್ಕಪ್ಪನತ್ತ ತಿರುಗಿಸಿದರು. "ನಿಮ್ ಮಗನಿಗೇ ಅಮ್ಮಾ. ಗೆದ್ದು ಬಂದ್ರಲ್ಲ."

ಸೋತು ಬಂದ ಚಿಕ್ಕಪ್ಪ ದಾಕ್ಷಿಣ್ಯಕ್ಕೆ ಕೊರಳೊಡ್ಡಿದರು.

ಅವರ ಕೊನೆಯ ಪಂದ್ಯ ನಡೆದದ್ದು ನೆಲಮಂಗಲದ ಹತ್ತಿರ, ಅರಿಶಿನಕುಂಟೆಯ ಒಂದು ಕಲ್ಯಾಣ ಮಂಟಪದಲ್ಲಿ. ವಯಸ್ಸು ಮೂವತ್ತೈದು ದಾಟಿತ್ತು. ಗೆದ್ದರೆ ಚಾಂಪಿಯನ್ ಬೆಲ್ಟು, ಸೋತರೆ ಇನ್ನು ಯಾರೂ ಕರೆಯುವುದಿಲ್ಲ. ನಾವೆಲ್ಲ ಟೆಂಪೋ ಮಾಡಿಕೊಂಡು ಹೋಗಿದ್ದೆವು. ನಾಲ್ಕನೇ ಸುತ್ತಿನಲ್ಲಿ ಚಿಕ್ಕಪ್ಪನ ಎಡಗೈ ಎದುರಾಳಿಯ ದವಡೆಗೆ ಬಿತ್ತು. ಇಪ್ಪತ್ತರ ಆಸುಪಾಸಿನ ತರುಣ, ಕೊರಡಿನಂತೆ ಉರುಳಿದ. ಚಿಕ್ಕಮ್ಮ ಕುರ್ಚಿ ಹತ್ತಿ ನಿಂತರು.

ಬಿದ್ದವನಿಗೆ ಹತ್ತು ಎಣಿಸಬೇಕಾದರೆ ಹೊಡೆದವನು ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಅದು ನಿಯಮ. ಚಿಕ್ಕಪ್ಪ ಹೋಗಲಿಲ್ಲ. ಅಲ್ಲೇ ಕೂತು, ತಮ್ಮ ಬಾಯಿಯ ಕವಚ ಉಗುಳಿ, ಗ್ಲೌಸಿನ ಕೈಗಳಿಂದಲೇ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಮೂಲೆಗೆ ಹೋಗ್ರೀ," ರೆಫರಿ ಗದರಿದರು. "ಹೋಗ್ದಿದ್ರೆ ನೀವೇ ಸೋತಂಗೆ."

"ಸೋತೆ ಅಂತ್ಲೇ ಬರ್ಕೊಳಿ ಸಾರ್. ಮೊದ್ಲು ಡಾಕ್ಟ್ರನ್ನ ಕರೀರಿ. ಇವನ ಉಸಿರು ಒಂಥರಾ ಇದೆ."

ಉಸ್ತಾದರು ತಲೆ ಚಚ್ಚಿಕೊಂಡರು. ರೆಫರಿ ಕೈಬೀಸಿ ಪಂದ್ಯ ಮುಗಿಸಿದರು. ಚಿಕ್ಕಮ್ಮ ಕುರ್ಚಿಯಿಂದಿಳಿದು ನೀರಿನ ಬಾಟಲಿ ಹಿಡಿದು ರಿಂಗಿನತ್ತ ಓಡಿದರು. ಡಾಕ್ಟರು ಬಂದು ತರುಣನ ಬಾಯಿಂದ ಕವಚ ತೆಗೆದು, ಮುಖಕ್ಕೆ ನೀರು ಚಿಮುಕಿಸಿದ ಮೇಲೆ ಅವನು ನಿಧಾನವಾಗಿ ಕಣ್ಣು ಬಿಟ್ಟ.

"ಅಣ್ಣಾ, ಯಾರು ಗೆದ್ರು?"

"ನೀನೇ ಕಣೋ," ಎಂದರು ಚಿಕ್ಕಪ್ಪ. "ಏಳ್ಬೇಡ. ಹಂಗೇ ಮಲ್ಕೋ."