ನೊಗಕ್ಕೆ ಹೆಗಲು ಕೊಟ್ಟ ಕಾಕಾ

ನಮ್ಮ ಕಾಕಾ ತನ್ನ ಆಯುಷ್ಯದಲ್ಲಿ ಎತ್ತಿಗಿಂತ ಹೆಚ್ಚು ಬಂಡಿ ಎಳೆದಿದ್ದಾನೆ ಎಂದರೆ ನೀವು ನಂಬಲಿಕ್ಕಿಲ್ಲ. ತಿಕೋಟಾದಲ್ಲಿ ಯಾರನ್ನಾದರೂ ಕೇಳಿ, ಆಣೆ ಮಾಡಿ ಹೇಳುತ್ತಾರೆ! ಹೇರಿದ ಬಂಡಿಗೆ ಎತ್ತು ಹೂಡುವ ಮೊದಲು ತಾನೇ ನೊಗಕ್ಕೆ ಹೆಗಲು ಕೊಟ್ಟು ಹತ್ತು ಹೆಜ್ಜೆ ಎಳೆಯಬೇಕು. ಬಂಡಿ ಕದಲಿದರೆ ಸರಿ, ಇಲ್ಲವಾದರೆ ಹೇರಿದ್ದು ಇಳಿಯಬೇಕು. "ನನಗ ಆಗದ್ದು ಅವಕ್ಕ ಯಾಕ ಹೇಳಬೇಕು?" ಎನ್ನುತ್ತಿದ್ದ. ಎತ್ತಿಗೂ ಮನುಷ್ಯನಿಗೂ ವ್ಯತ್ಯಾಸವಿಲ್ಲವೇ ಎಂದು ಸಾಲಿ ಮಾಸ್ತರನಾದ ನಾನು ಒಮ್ಮೆ ಕೇಳಿದೆ.

"ಐತಿ. ಎತ್ತು ಎದುರು ಮಾತಾಡೂದಿಲ್ಲ" ಎಂದ.

ಮದುವೆಯಾದ ಹೊಸತರಲ್ಲಿ ಬಬಲೇಶ್ವರದಿಂದ ಕಾಕುವನ್ನು ಕರೆತರುವಾಗ ಬಂಡಿಯಲ್ಲಿ ಕಾಕು, ಅವಳ ಟ್ರಂಕು, ಜೊತೆಗೆ ಅವಳ ತಾಯಿ. ಕಾಕಾ ಎಳೆದು ನೋಡಿದ. ಬಂಡಿ ಜಪ್ಪಯ್ಯ ಎಂದರೂ ಕದಲಲಿಲ್ಲ. ಟ್ರಂಕು ಇಳಿಸಿದರೆ ಸೀರೆಗಳ ಗತಿ? ಅತ್ತೆಯನ್ನೇ ಇಳಿಸಿದ! "ಬಂಡಿ ಹಗುರಾತು, ನನ್ನ ಬಾಳೇ ಭಾರ ಆತು. ನಮ್ಮವ್ವ ಮೂರು ವರ್ಷ ಈ ಹೊಸ್ತಿಲಾ ತುಳೀಲಿಲ್ಲ" ಎಂದು ಕಾಕು ಈಗಲೂ ಬೈಯುತ್ತಾಳೆ.

ನಾನು ಮಾಸ್ತರಿಕೆ ಮಾಡುತ್ತಿದ್ದ ವಿಜಾಪುರಕ್ಕೆ ನನ್ನನ್ನು ನೋಡಲು ಬಂದಾಗ ಗೋಳಗುಮ್ಮಟದ ಮುಂದೆ ಟಾಂಗಾ ಹಿಡಿದೆವು. ಕಾಕಾ ನನ್ನನ್ನು ಹತ್ತಿಸಿ, ಕುದುರೆ ಬಿಚ್ಚಿಸಿ, ತಾನೇ ಮುಂದೆ ನಿಂತು ಎಳೆದ. ಗುಮ್ಮಟ ನೋಡಲು ಬಂದವರೆಲ್ಲ ಗುಮ್ಮಟ ಬಿಟ್ಟು ನಮ್ಮನ್ನು ನೋಡಿದರು. ಟಾಂಗಾದವನು ಮಾತ್ರ ನಿಶ್ಚಿಂತೆಯಿಂದ ಬೀಡಿ ಹಚ್ಚಿ, "ಹಿಂಗ ಸ್ಟೇಶನ್ ಮಟ ಬಿಡ್ರಿ ಕಾಕಾ, ಕುದರಿಗೆ ಇವತ್ತ ಸೂಟಿ ಕೊಡತೀನಿ" ಎಂದ.

ಈ ಹುಚ್ಚು ಎಲ್ಲರನ್ನೂ ನಗಿಸಿತು, ಕೆಂಚನಿಗೆ ವಯಸ್ಸಾಗುವವರೆಗೆ. ಕೆಂಚ ನಮ್ಮ ಎಡಗಡೆಯ ಎತ್ತು. ಅವನ ಮೊಣಕಾಲು ನಡುಗತೊಡಗಿದ ಮೇಲೆ ಕಾಕಾ ಹೇರನ್ನು ಅರ್ಧಕ್ಕಿಳಿಸಿದ. ಮಹಾಯುದ್ಧ ಮುಗಿದ ಹೊಸತು; ಆ ಸಲ ಕಬ್ಬು ಚೆನ್ನಾಗಿ ಬಂದಿತ್ತು. ಕಡಿದದ್ದು ಹೊಲದಲ್ಲೇ ಬಿದ್ದು ಒಣಗುತ್ತಿತ್ತು. ಒಣಗಿದರೆ ರಸವೆಲ್ಲಿ, ಬೆಲ್ಲವೆಲ್ಲಿ? ಅಪ್ಪನ ತಾಳ್ಮೆ ಮುಗಿಯಿತು.

"ಗಾಣದಾಗ ನಮ್ಮ ಪಾಳಿ ನಾಡಿದ್ದ ಐತಿ. ಅವತ್ತ ಸಂಜಿಮಟ ಕಬ್ಬು ಮುಟ್ಟಲಿಲ್ಲಂದ್ರ ಕೆಂಚ ಐತಾರ ಸಂತಿಗೆ" ಎಂದುಬಿಟ್ಟ. ಮುದಿ ಎತ್ತನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

ಕಾಕಾ ಊಟ ಬಿಟ್ಟು ಬಬಲೇಶ್ವರಕ್ಕೆ ಹೊರಟ. ಅಲ್ಲಿನ ಸಾವುಕಾರರೊಬ್ಬರು ಹೊಸದಾಗಿ ಟ್ರ್ಯಾಕ್ಟರ್ ತಂದಿದ್ದರು. ಪಾಳಿಯ ದಿನ ಬೆಳಿಗ್ಗೆ ಅದರ ಮೇಲೆಯೇ ಕುಳಿತು ಮದುಮಗನ ಗತ್ತಿನಲ್ಲಿ ಬಂದ!

ಡ್ರೈವರ್ ಟ್ರೇಲರಿಗೆ ಮೂರು ಬಂಡಿ ಕಬ್ಬು ಒಮ್ಮೆಲೇ ಹೇರಿಸಿದ. ಕಾಕಾ ಹಗ್ಗ ಕಟ್ಟಿ ಎಳೆದ. ಕತ್ತಿನ ನರ ಉಬ್ಬಿದವು, ಗಾಲಿ ಅಲುಗಲಿಲ್ಲ.

"ಇಳಸ್ರಿ."

"ಏನ್ರಿ ಕಾಕಾ, ಇದಕ್ಕ ಆರು ಜೋಡಿ ಎತ್ತಿನ ಜೋರ ಐತಿ" ಎಂದು ಡ್ರೈವರ್ ನಕ್ಕ.

"ಸಪಾಟ ನೆಲದಾಗೋ, ಗಾಣದ ಹಾದ್ಯಾಗಿನ ಹಳ್ಳದ ಏರಿನ್ಯಾಗೋ?"

ಡ್ರೈವರ್ ತಲೆ ಕೆರೆದುಕೊಂಡು, "ಆ ಏರು ಮದಲ ತೋರಸ್ರಿ" ಎಂದ. ಇಬ್ಬರೂ ಹೋಗಿ ನೋಡಿ ಬಂದರು. ಏರು ಹತ್ತುವಷ್ಟೇ ಹೇರಬೇಕೆಂದು ಠರಾಯಿಸಿ ಒಂದು ಬಂಡಿಯಷ್ಟು ಕಬ್ಬು ಇಳಿಸಿದರು.

ಹಾಗಿದ್ದೂ ಏರಿನ ನಡುವೆ ಟ್ರ್ಯಾಕ್ಟರ್ ಅಬ್ಬರಿಸಿ, ಹೊಗೆಯುಗುಳಿ, ಮುಂದಿನ ಗಾಲಿ ಗೇಣು ಎತ್ತಿತು. ಡ್ರೈವರನ ಮುಖ ಬಿಳಿಚಿತು. ಕಾಕಾ ಓಡಿಹೋಗಿ ಪಕ್ಕದಿಂದ ಟ್ರೇಲರಿಗೆ ಹೆಗಲು ಹಚ್ಚಿದ! ಗಾಲಿ ನೆಲಕ್ಕಿಳಿಯಿತು, ಟ್ರ್ಯಾಕ್ಟರ್ ಏರು ಹತ್ತಿತು. ಇಂಜಿನ್ನಿನಿಂದಲೋ ಕಾಕಾನಿಂದಲೋ, ದೇವರೇ ಬಲ್ಲ.

"ಪೂರಾ ಹೇರಿದ್ರ ಇದು ನನ್ನ ಮ್ಯಾಲೇ ಬೀಳತಿತ್ರಿ ಕಾಕಾ" ಎಂದು ಡ್ರೈವರ್ ಏರು ಮುಗಿದ ಕೂಡಲೇ ಇಳಿದು ಕೈಮುಗಿದ.

ಹೊತ್ತು ಮುಳುಗುವುದರೊಳಗೆ ಕಬ್ಬೆಲ್ಲ ಗಾಣ ಮುಟ್ಟಿತು. ಅಪ್ಪ ಖುಷಿಯಿಂದಲೇ ಕೇಳಿದ: "ಇಂಜಿನ್ನ ಇಷ್ಟು ಛಲೋ ಎಳಿತೈತಿ. ಇನ್ನ ಕೆಂಚ ಯಾಕ ಬೇಕೋ ತಮ್ಮಾ?"

ನಗುತ್ತಿದ್ದ ಕಾಕಾ ಅಣ್ಣನ ಕಡೆ ತಿರುಗಿದ.

"ಇನ್ನ ಅವ ಎಳಿಯೂದು ಬ್ಯಾಡಂತನ ಇದನ್ನ ತಂದೀನಿ, ಅಣ್ಣಾ. ಇಷ್ಟ ವರ್ಷ ಎಳದಾನ. ಕುಂತು ತಿನ್ನಲಿ."

ಕೊನೆಯ ಮಾತು ಸರಿಯಾಗಿ ಹೊರಡಲಿಲ್ಲ. ಕಾಕಾ ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಅಪ್ಪ ಕಬ್ಬಿನಲ್ಲಿ ಇನ್ನೂ ಹಸಿರಾಗಿದ್ದ ಸೋಗೆಯನ್ನು ತಬ್ಬಿಕೊಳ್ಳುವಷ್ಟು ಎತ್ತಿಕೊಂಡು, ಧೋತರಕ್ಕೆ ಧೂಳು ಹತ್ತಿದರೂ ಲೆಕ್ಕಿಸದೆ ಮನೆಯವರೆಗೆ ನಡೆದ. ಅದನ್ನು ಕೆಂಚನ ಮುಂದೆ ಹರವಿ, ಅವನು ತಿಂದು ಮುಗಿಸುವವರೆಗೆ ತಮ್ಮನ ಪಕ್ಕದಲ್ಲೇ ನಿಂತಿದ್ದ.