ಹಕ್ಕಿಗಳ ಚೆಕ್‌ರೋಲ್

ನಮ್ಮ ಸೋದರಮಾವ ದೊಡ್ಡ ರೈಟರ್! ಕಾದಂಬರಿ ಗೀದಂಬರಿ ಅಂದುಕೊಳ್ಳಬೇಡಿ. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಬೆಳಗಾದರೆ ಆಳುಗಳ ಹೆಸರು ಕೂಗಿ, ಚೆಕ್‌ರೋಲಿನಲ್ಲಿ ಹಾಜರಿ ಹಾಕುತ್ತಿದ್ದ ರೈಟರ್. ರಿಟೈರಾದ ಮೇಲೆ ಕೂಗಲು ಆಳುಗಳಿಲ್ಲ. ಕೈ ಸುಮ್ಮನಿರಬೇಕಲ್ಲ? ಹಕ್ಕಿಗಳಿಗೆ ಹಾಜರಿ ಹಾಕತೊಡಗಿದರು! ಆ ಪುಸ್ತಕವನ್ನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ.

ಅದಕ್ಕೊಂದು ಕಾನೂನೂ ಉಂಟು. ಸತತ ಮೂರು ಸಲ ಗೈರುಹಾಜರಾದ ಹಕ್ಕಿಯ ಹೆಸರು ವಜಾ. ಮೇ ಕೊನೆಯಲ್ಲಿ ನಾವಿಬ್ಬರೂ ಕಡೂರಿನ ಬಯಲಿಗೆ ಹೊರಟಾಗ ನೀಲಕಂಠ ಆಗಲೇ ಎರಡು ಸಲ ಚಕ್ಕರ್ ಹೊಡೆದಿತ್ತು. ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ಅತ್ತೆಯ ಪ್ರೀತಿಯ ಹಕ್ಕಿ ಅದು. ಮಾವ ಬೈನಾಕ್ಯುಲರ್ ಒರೆಸಿಕೊಳ್ಳುವುದರೊಳಗೆ, ತಂತಿಯ ಮೇಲೆ ಕೂತ ನೀಲಕಂಠವನ್ನು ಅತ್ತೆ ಬರಿಗಣ್ಣಿನಲ್ಲೇ ತೋರಿಸಿಬಿಡುತ್ತಿದ್ದರು.

"ಇವತ್ತೂ ಬರದಿದ್ರೆ?" ಜೀಪಿನಲ್ಲಿ ಕೇಳಿದೆ.

"ರೂಲ್ಸ್ ಅಂದ್ರೆ ರೂಲ್ಸ್ ಮಾರಾಯ," ಎಂದರು. ಆದರೆ ದಾರಿಯುದ್ದಕ್ಕೂ ತಂತಿಯನ್ನೇ ನೋಡುತ್ತಿದ್ದರು.

ಹಕ್ಕಿಗಳ ಕಣ್ಣಿಗೆ ಬೀಳಬಾರದೆಂದು ಮಾವ ಹಸಿರು ಅಂಗಿ, ಹಸಿರು ಪ್ಯಾಂಟು, ಹಸಿರು ಟೊಪ್ಪಿ ಹಾಕಿದ್ದರು. ಕಾಫಿ ತೋಟದಲ್ಲಾದರೆ ಸರಿ. ಒಣಹುಲ್ಲೇ ತುಂಬಿದ್ದ ಆ ಬಯಲಿನಲ್ಲಿ ಹಸಿರಾಗಿದ್ದವರು ಮಾವ ಒಬ್ಬರೇ! ಹಕ್ಕಿಗಳು ಹಾರಿಹೋದವು, ಮೇಕೆಗಳು ಹುಡುಕಿಕೊಂಡು ಬಂದವು. ಒಂದಂತೂ ಅವರ ತೋಳನ್ನು ಜಗಿದೇ ನೋಡಿತು.

"ಇದಕ್ಕೂ ಹಾಜರಿ ಹಾಕ್ತೀರಾ ಮಾವ?"

"ಸುಮ್ನಿರೋ! ಮೊದ್ಲು ಇದನ್ನ ಓಡ್ಸು!"

ನಮ್ಮನ್ನು ಕಂಡದ್ದೇ ಟಿಟ್ಟಿಭ ಹಕ್ಕಿ ಕಿರುಚಾಡತೊಡಗಿತು. "ಇದು ಯೂನಿಯನ್ ಲೀಡರ್," ಎಂದು ಮಾವ ಟಿಕ್ ಹಾಕಿದರು. ಎಮ್ಮೆಯ ಬೆನ್ನೇರಿ ಬಂದ ಬೆಳ್ಳಕ್ಕಿಯನ್ನು ನೋಡಿ, "ಇವ್ನು ಮೇಸ್ತ್ರಿ, ನಡೆಯೋದೇ ಇಲ್ಲ!" ಎಂದರು. ಕುಣಿದು ಪೊದೆ ಸೇರಿದ ನವಿಲಿಗೆ ಅರ್ಧ ದಿನವಷ್ಟೇ ಸಿಕ್ಕಿತು. "ಕುಣಿಯೋದು ಕೆಲ್ಸ ಅಲ್ಲ!"

ಸಂಜೆಯಾಯಿತು. ನೀಲಕಂಠದ ಸುಳಿವಿಲ್ಲ. ಮಾವ ಜೀಪಿನ ಬಾನೆಟ್ಟಿನ ಮೇಲೆ ಪುಸ್ತಕ ಬಿಚ್ಚಿದರು. ಹೆಸರು ಹೊಡೆದುಹಾಕಲು ಹೊರಟ ಪೆನ್ಸಿಲು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಬರೆದರು: ರಜೆ.

"ಇದು ಅನ್ಯಾಯ! ಅದಕ್ಕೆ ರಜೆ ಕೊಟ್ಟವರು ಯಾರು?" ಎಂದು ನಗುತ್ತ ಪುಸ್ತಕಕ್ಕೆ ಬಗ್ಗಿದೆ.

ಪುಟದ ಮೊದಲ ಸಾಲಿನಲ್ಲಿ ಹಕ್ಕಿಯ ಹೆಸರಿರಲಿಲ್ಲ. ಅತ್ತೆಯ ಹೆಸರಿತ್ತು. ಅದರ ಮುಂದೆ ಸಾಲಿನುದ್ದಕ್ಕೂ ರಜೆ, ರಜೆ, ರಜೆ.

"ರಜೆ ಮೇಲೆ ಹೋದವ್ರ ಹೆಸ್ರು ತೆಗೆಯೋ ಹಾಗಿಲ್ಲ ಮಾರಾಯ," ಎಂದರು ಮಾವ.

ಊರಿನ ಕಡೆ ಜೀಪನ್ನು ಎರಡನೇ ಗೇರಿನಲ್ಲೇ ಓಡಿಸಿದೆ. ಎಡಗಡೆಯ ತಂತಿಯನ್ನು ಮಾವ ನೋಡಿದರು, ಬಲಗಡೆಯದನ್ನು ನಾನು.