ಕಾಕು ಒಯ್ದ ಸೈಕಲ್ಲು

ಖಾಸಬಾಗದ ನಮ್ಮ ಮನೆಗೆ ಕಳ್ಳರ ಭಯವಿಲ್ಲ. ಒಯ್ಯುವಂಥದ್ದನ್ನೆಲ್ಲ ಕಾಕು ಮೊದಲೇ ಒಯ್ದಿರುತ್ತಾರೆ! ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಖಾನಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಬೆಳಿಗ್ಗೆ ಬಸ್ಸು ಹತ್ತುವಾಗ ಅವರ ಚೀಲದಲ್ಲಿ ಪುಸ್ತಕಕ್ಕಿಂತ ನಮ್ಮ ಅಡುಗೆಮನೆಯೇ ಹೆಚ್ಚು. ಕುಕ್ಕರಿನ ಸೀಟಿ ಹೋಯಿತು, ಹಾಲಿನ ಸೋಸಣಿಗೆ ಹೋಯಿತು. ಇಡ್ಲಿ ತಟ್ಟೆಯೇನೋ ಮರಳಿ ಬಂತು, ಆದರೆ ಕುಳಿಗೊಂದರಂತೆ ಕಪ್ಪೆಮರಿ! ಅಂದಿನಿಂದ ಅವ್ವ ಇಡ್ಲಿ ಮಾಡುವುದನ್ನೇ ಬಿಟ್ಟಿದ್ದಾಳೆ.

ಇಷ್ಟೆಲ್ಲ ಒಯ್ದು ಕಲಿಸುವುದಾದರೂ ಏನು? ಮುಖ್ಯೋಪಾಧ್ಯಾಯರದೂ ಇದೇ ಪ್ರಶ್ನೆ. ಕಾಕು ಪ್ರಯೋಗವನ್ನು ತಾವು ಮಾಡಿ ತೋರಿಸುವುದಿಲ್ಲ. ಸಾಮಾನನ್ನು ಮೇಜಿನ ಮೇಲೆ ಸುರಿದು, "ಏನ್ ಮಾಡ್ತೀರಿ ಮಾಡ್ರಿ" ಎಂದು ಕಿಟಕಿಯ ಬಳಿ ಶೇಂಗಾ ತಿನ್ನುತ್ತ ಕೂರುತ್ತಾರೆ. ಹೊಗೆ ಬಂದರೆ ಮಾತ್ರ ಏಳುತ್ತಾರೆ.

ಈ ಮಳೆಗಾಲದಲ್ಲಿ ಹತ್ತನೆಯ ತರಗತಿಗೆ ಅವರು ಕೊಟ್ಟ ಕೆಲಸ ಇಷ್ಟೇ. ಬಿಸಿಲು, ಬೆಂಕಿ, ಕರೆಂಟು ಯಾವುದೂ ಇಲ್ಲದೆ ಒದ್ದೆ ಅಂಗಿ ಒಣಗಬೇಕು. ಕಾರಣವಿತ್ತು. ಜಾಂಬೋಟಿ ಕಡೆಯ ಹುಡುಗಿಯೊಬ್ಬಳು ಮಳೆ ಹಿಡಿದರೆ ಶಾಲೆಗೆ ಬರುತ್ತಿರಲಿಲ್ಲ. ಇದ್ದದ್ದು ಒಂದೇ ಜೊತೆ ಸಮವಸ್ತ್ರ, ಅದು ಆ ಮಳೆಯಲ್ಲಿ ಒಣಗುತ್ತಿರಲಿಲ್ಲ. ಹಾಜರಿ ಇನ್ನೂ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವಂತಿಲ್ಲ ಎಂದು ಮುಖ್ಯೋಪಾಧ್ಯಾಯರು ಹೇಳಿಯಾಗಿತ್ತು.

"ಇನ್ನೊಂದ ಜೋಡಿ ಹೊಲಿಸಿ ಕೊಟ್ಟಬಿಡ್ರಿ ಕಾಕು, ಮುಗೀತಲ್ಲ?" ಎಂದೆ.

"ಕೊಡಾಕ ಹೋಗಿದ್ನೋ ತಮ್ಮಾ. ಬ್ಯಾಡ್ರಿ ಟೀಚರ್ ಅಂದ್ಳು. ಮರುದಿನ ಮಳಿ ಇರ್ಲಿಲ್ಲ, ಆದ್ರೂ ಬರ್ಲಿಲ್ಲ."

ಅದಕ್ಕೇ ಕಾಕು ಆಕೆಯ ಹೆಸರೆತ್ತದೆ ಇಡೀ ತರಗತಿಯನ್ನು ಒದ್ದೆ ಅಂಗಿಯ ಹಿಂದೆ ಬಿಟ್ಟಿದ್ದರು. ಒಬ್ಬ ಅಂಗಿಯನ್ನು ಪತ್ರಿಕೆಯಲ್ಲಿ ಸುತ್ತಿ ಮೇಲೆ ಕುಳಿತ. ಅಂಗಿಯ ಬೆನ್ನಿಗೆ ಹವಾಮಾನ ವರದಿ ಅಚ್ಚಾಯಿತು! ಇನ್ನೊಬ್ಬ ಭತ್ತದ ಹೊಟ್ಟಿನಲ್ಲಿ ಹೂತಿಟ್ಟ. ಅಂಗಿ ಒಣಗಿತು, ಪಾಠದುದ್ದಕ್ಕೂ ಕೆರೆತ! ಕಾಕು ಯಾರನ್ನೂ ಬೈಯಲಿಲ್ಲ. "ಚಲೋ ಆತು. ಹಿಂಗ್ಯಾಕ ಆತು ಹೇಳ್ರಿ" ಎಂದರಂತೆ.

ಮಳೆ ಬಿಟ್ಟ ಒಂದು ದಿನ ಆ ಹುಡುಗಿ ಬಂದಳು. ಎಲ್ಲರ ಫಜೀತಿ ನೋಡಿ ಮೆಲ್ಲಗೆ, "ಛತ್ರಿ ತಿರುವಿದ್ರ ನೀರ ಸಿಡೀತೈತಲ್ರಿ ಟೀಚರ್. ಅಂಗೀನೂ ಹಂಗ ತಿರುವಿದ್ರ?" ಎಂದಳು.

ಮರುದಿನ ನನ್ನ ಸೈಕಲ್ಲು ಮಾಯ! ಕಾಕು ಕಂಡಕ್ಟರನ ಜೊತೆ ವಾದ ಮಾಡಿ ಬಸ್ಸಿನ ಮೇಲೆ ಹೇರಿಸಿಕೊಂಡು ಹೋಗಿದ್ದರು. ಕೆಲವು ದಿನ ಕಾದೆ, ಬರಲಿಲ್ಲ. ಕೊನೆಗೆ ಸಿಟ್ಟಿನಿಂದ, ಧೋ ಎನ್ನುವ ಮಳೆಯಲ್ಲೇ ಖಾನಾಪುರಕ್ಕೆ ಹೊರಟೆ.

ಶಾಲೆಯ ಪಡಸಾಲೆಯಲ್ಲಿ ನನ್ನ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಹಿಂದಿನ ಗಾಲಿಗೆ ಬಕೆಟ್ಟೊಂದನ್ನು ಬಿಗಿದಿದ್ದರು; ಅದರ ಮೈತುಂಬ ತೂತು, ಬಾಯಿಗೆ ಮುಚ್ಚಳ, ಒಳಗೆ ಒದ್ದೆ ಅಂಗಿ. ಮಕ್ಕಳು ಕೈಯಿಂದಲೇ ಪೆಡಲು ತಿರುಗಿಸುತ್ತಿದ್ದರು. ಅಂಗಿಯ ನೀರೆಲ್ಲ ಸಿಡಿದು ನನ್ನ ಮೈಮೇಲೆ! ಆ ಹುಡುಗಿ ಮುಚ್ಚಳ ತೆಗೆದು, ಮನೆಯಿಂದ ಒದ್ದೆಯಾಗಿಯೇ ತಂದಿದ್ದ ತನ್ನ ಸಮವಸ್ತ್ರವನ್ನು ಕೊಡವಿದಳು, ಕೆನ್ನೆಗೆ ಒತ್ತಿ ನೋಡಿದಳು, ಒಳಗೆ ಹೋಗಿ ತೊಟ್ಟು ಬಂದು ತರಗತಿಯಲ್ಲಿ ಎಲ್ಲರ ನಡುವೆ ಕುಳಿತಳು. ಕಾಕು ಹಾಜರಿ ಕೂಗಿದರು. ಆಕೆಯ ಹೆಸರು ಬಂದಾಗ, ಹೊರಗಿನ ಮಳೆಯನ್ನೂ ಮೀರಿ ಕೇಳಿಸುವಂತೆ "ಹಾಜರ್ ಟೀಚರ್!" ಎಂಬ ದನಿ. ಕಾಕುಗೆ ಮುಂದಿನ ಹೆಸರು ಓದಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. "ಸೈಕಲ್ ಒಯ್ಯಾಕ ಬಂದೀ ಏನು?"

"ಇಲ್ರಿ ಕಾಕು," ಎಂದೆ. "ಚೈನ್ ಭಾಳ ಸಪ್ಪಳ ಮಾಡಾಕತ್ತೈತಿ. ಎಣ್ಣಿ ಬಿಡೂಣು ಅಂತ ಬಂದೆ."